ತುಪ್ಪದಿಂದ ತಳಿಗುಣದವರೆಗೆ: ಭಾರತೀಯ ಹೈನುವಿಜ್ಞಾನದ ಸಂಶೋಧನೆ ಮತ್ತು ಪ್ರಕಟಣೆಯ ಹಾದಿ

ಒಂದು ಶಾಸ್ತ್ರದ ಬೆಳವಣಿಗೆಯನ್ನು ಅಳೆಯಲು ಇಂದು ರೂಢಿಯಲ್ಲಿರುವ ಕ್ರಮವೆಂದರೆ ಪ್ರಬಂಧಗಳನ್ನು ಎಣಿಸುವುದು. ಯಾವ ವರ್ಷ ಎಷ್ಟು ಪ್ರಬಂಧಗಳು ಬಂದವು, ಯಾವ ನಿಯತಕಾಲಿಕದಲ್ಲಿ ಬಂದವು, ಅವನ್ನು ಎಷ್ಟು ಮಂದಿ ಉಲ್ಲೇಖಿಸಿದರು ಎಂಬ ಲೆಕ್ಕ ಕೈಗೆ ಬಂದರೆ ಶಾಸ್ತ್ರದ ಚಿತ್ರವೇ ಕೈಗೆ ಬಂದಂತೆ ಎಂಬ ನಂಬಿಕೆಯಿದೆ. ಭಾರತದ ಹೈನುವಿಜ್ಞಾನಕ್ಕೆ, ಅದರಲ್ಲೂ ಅದರ ಮೊದಲ ನೆಲೆಯಾಗಿದ್ದ ಬೆಂಗಳೂರಿಗೆ ಈ ನಂಬಿಕೆ ಎಷ್ಟರಮಟ್ಟಿಗೆ ಒಪ್ಪುತ್ತದೆ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1923ರಲ್ಲಿ ಬೆಂಗಳೂರಿನಲ್ಲಿ ಪಶುಸಂಗೋಪನೆ ಹಾಗೂ ಹೈನುಗಾರಿಕೆಯ ಇಂಪೀರಿಯಲ್ ಸಂಸ್ಥೆ ಸ್ಥಾಪಿತವಾಯಿತು. 1936ರಲ್ಲಿ ಅದು ಇಂಪೀರಿಯಲ್ ಡೈರಿ ಇನ್‌ಸ್ಟಿಟ್ಯೂಟ್ ಎಂಬ ಹೆಸರು ಪಡೆಯಿತು. 1927ರಲ್ಲಿ ವಿಶ್ರಾಂತಿಗೆಂದು ಬೆಂಗಳೂರಿನಲ್ಲಿದ್ದ ಗಾಂಧೀಜಿ ಈ ಸಂಸ್ಥೆಗೆ ಬಂದು ಗೋಪಾಲನೆಯ ವಿಷಯಗಳನ್ನು ಆಸಕ್ತಿಯಿಂದ ಕೇಳಿ ತಿಳಿದರು. ಆ ಭೇಟಿಯನ್ನು ಕುರಿತು ನಮ್ಮಲ್ಲಿ ಸಾಕಷ್ಟು ಬರೆಹಗಳಿವೆ. ಅದೇ ಆವರಣದಲ್ಲಿ ನಡೆದ ಸಂಶೋಧನೆಯನ್ನು ಕುರಿತು ಕನ್ನಡದಲ್ಲಿ ಬರೆದವರು ವಿರಳ.

ಆ ಕಾಲದ ಸಂಶೋಧಕನಿಗೆ ತನ್ನದೇ ಆದ ಪತ್ರಿಕೆ ಇರಲಿಲ್ಲ. ಅಮೆರಿಕದಲ್ಲಿ 'ಜರ್ನಲ್ ಆಫ್ ಡೈರಿ ಸೈನ್ಸ್' 1917ರಲ್ಲಿ, ಫ್ರಾನ್ಸಿನಲ್ಲಿ 'ಲ ಲೆ' 1921ರಲ್ಲಿ, ಬ್ರಿಟನ್ನಿನಲ್ಲಿ 'ಜರ್ನಲ್ ಆಫ್ ಡೈರಿ ರಿಸರ್ಚ್' 1929ರಲ್ಲಿ ಆರಂಭವಾಗಿದ್ದವು. ಭಾರತದಲ್ಲಿ 1931ರಿಂದ ಹೊರಟ ಪಶುವೈದ್ಯ ಹಾಗೂ ಪಶುಸಂಗೋಪನೆಯ ನಿಯತಕಾಲಿಕವೇ ಹಾಲಿನ ಪ್ರಬಂಧಗಳಿಗೂ ಆಶ್ರಯವಾಯಿತು. ಹೀಗಾಗಿ ದನದ ರೋಗಗಳ ಪಕ್ಕದಲ್ಲಿ ಬೆಣ್ಣೆಯ ರಸಾಯನಶಾಸ್ತ್ರ ಅಚ್ಚಾಗುತ್ತಿತ್ತು. ಉಳಿದದ್ದು ವಾರ್ಷಿಕ ವರದಿಗಳಲ್ಲಿ, ಇಲಾಖೆಯ ಕಿರುಹೊತ್ತಿಗೆಗಳಲ್ಲಿ ಸೇರಿಹೋಯಿತು. ಲೇಖಕರ ಹೆಸರಿಲ್ಲದ ಇಂಥ ಕಿರುಹೊತ್ತಿಗೆಗಳು ಇಂದಿನ ಯಾವ ಉಲ್ಲೇಖಸೂಚಿಯಲ್ಲೂ ಸಿಗುವುದಿಲ್ಲ.

ಈ ಅವಧಿಯ ಮುಖ್ಯ ಪ್ರಶ್ನೆಗಳಲ್ಲೊಂದು ತುಪ್ಪ. ಯುರೋಪಿನ ಗ್ರಂಥಗಳಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಬೆಣ್ಣೆಯ ಶುದ್ಧತೆಯನ್ನು ತಿಳಿಯಲು ಅಲ್ಲಿ ಬಳಸುತ್ತಿದ್ದುದು ರೈಖರ್ಟ್-ಮೈಸ್ಲ್ ಸಂಖ್ಯೆ. ಕೊಬ್ಬಿನಲ್ಲಿರುವ, ಆವಿಯಾಗುವ ಹಾಗೂ ನೀರಿನಲ್ಲಿ ಕರಗುವ ಆಮ್ಲಗಳನ್ನು ಅದು ಅಳೆಯುತ್ತದೆ. ಹಾಲಿನ ಕೊಬ್ಬಿನಲ್ಲಿ ಈ ಆಮ್ಲಗಳು ಹೆಚ್ಚು. ಸಾಮಾನ್ಯ ಅಡುಗೆ ಎಣ್ಣೆಗಳಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಆದ್ದರಿಂದ ಸಂಖ್ಯೆ ಇಳಿದರೆ ಬೆರಕೆ ಎಂದು ತೀರ್ಮಾನಿಸುವುದು ಸುಲಭ. ಆದರೆ ಹತ್ತಿ ಬೆಳೆಯುವ ಸೀಮೆಯಲ್ಲಿ ಹತ್ತಿಬೀಜ ತಿಂದ ದನಗಳ ಅಪ್ಪಟ ತುಪ್ಪದಲ್ಲೂ ಈ ಸಂಖ್ಯೆ ಇಳಿಯುತ್ತದೆ. ಪುಸ್ತಕದ ಪ್ರಮಾಣವನ್ನು ಹಾಗೆಯೇ ಹಿಡಿದರೆ ಪ್ರಾಮಾಣಿಕ ವ್ಯಾಪಾರಿಯೂ ಅಪರಾಧಿಯಾಗಬೇಕಾಗುತ್ತಿತ್ತು. ಹತ್ತಿಸೀಮೆಗೆ ಬೇರೆಯೇ ಕನಿಷ್ಠ ಪ್ರಮಾಣವನ್ನು ಕಾನೂನಿನಲ್ಲಿ ಸೇರಿಸಬೇಕಾಯಿತು. ಒಂದು ಪ್ರದೇಶದ ಮೇವನ್ನು ಅರಿಯದೆ ಅಲ್ಲಿನ ತುಪ್ಪವನ್ನು ಅರಿಯಲಾಗದು ಎಂಬ ಈ ತಿಳಿವಳಿಕೆ ಇಲ್ಲಿಯ ಸಂಶೋಧನೆಯ ಫಲ. ವನಸ್ಪತಿಯ ಬೆರಕೆಗೆ ಕಂಡುಕೊಂಡ ಉಪಾಯವೂ ಸ್ವಾರಸ್ಯಕರ. ವನಸ್ಪತಿಯಲ್ಲಿ ಎಳ್ಳೆಣ್ಣೆ ಇರಲೇಬೇಕೆಂದು ಕಡ್ಡಾಯ ಮಾಡಲಾಯಿತು. ತುಪ್ಪಕ್ಕೆ ಅದನ್ನು ಬೆರೆಸಿದ್ದರೆ ಬೋದ್ವ ಪರೀಕ್ಷೆಯಲ್ಲಿ ಆ ಎಳ್ಳೆಣ್ಣೆ ಕೆಂಪು ಬಣ್ಣ ತೋರಿಸುತ್ತದೆ.

1937ರಲ್ಲಿ ಪ್ರಕಟವಾದ ನಾರ್ಮನ್ ರೈಟ್ ಅವರ ವರದಿ ದೇಶದ ಹೈನು ಉದ್ಯಮವನ್ನು ಸಮಗ್ರವಾಗಿ ನೋಡಿತು. 1940ರಲ್ಲಿ ಡಬ್ಲ್ಯು. ಎಲ್. ಡೇವಿಸ್ ಅವರು ದೇಶೀಯ ಹಾಲಿನ ಪದಾರ್ಥಗಳ ಮೇಲೆ ಪ್ರತ್ಯೇಕ ಗ್ರಂಥವನ್ನು ಬರೆದರು. 1948ರಲ್ಲಿ ಕೆ. ಎಸ್. ರಂಗಪ್ಪ ಮತ್ತು ಕೆ. ಟಿ. ಅಚ್ಚಯ ಅವರ ಗ್ರಂಥ ಬಂದಿತು. ಕೊಳ್ಳೇಗಾಲದಲ್ಲಿ ಹುಟ್ಟಿದ ಅಚ್ಚಯ ಅವರನ್ನು ಆಹಾರದ ಚರಿತ್ರಕಾರರೆಂದು ನಾವು ಬಲ್ಲೆವು; ಹಾಲಿನ ರಸಾಯನಶಾಸ್ತ್ರಕ್ಕೆ ಅವರು ಸಲ್ಲಿಸಿದ ಸೇವೆ ಅಷ್ಟಾಗಿ ನೆನಪಿನಲ್ಲಿಲ್ಲ. ಮೊಸರು, ಖೋವಾ, ತುಪ್ಪಗಳನ್ನು ಶಾಸ್ತ್ರದ ಅಂಚಿನಿಂದ ನಡುವಿಗೆ ತಂದ ಕೃತಿ ಅದು.

1948 ಇನ್ನೊಂದು ಕಾರಣಕ್ಕೂ ಮುಖ್ಯವಾದ ವರ್ಷ. ಇಂಡಿಯನ್ ಡೈರಿ ಅಸೋಸಿಯೇಷನ್ ಆಗಲೇ ಹುಟ್ಟಿ, 'ಇಂಡಿಯನ್ ಜರ್ನಲ್ ಆಫ್ ಡೈರಿ ಸೈನ್ಸ್' ಹೊರಬಂದಿತು. ಮರುವರ್ಷ ಉದ್ಯಮದವರಿಗಾಗಿ 'ಇಂಡಿಯನ್ ಡೈರಿಮನ್' ಜೊತೆಗೂಡಿತು. ಕಾಕತಾಳೀಯವೆಂಬಂತೆ, ಪುಸ್ತಕ ಹಾಗೂ ಗ್ರಂಥಾಲಯದ ವಿಷಯಗಳನ್ನು ಸಂಖ್ಯಾಶಾಸ್ತ್ರದಿಂದ ಅಳೆಯುವ 'ಲೈಬ್ರಮೆಟ್ರಿ'ಯ ಕಲ್ಪನೆಯನ್ನು ಎಸ್. ಆರ್. ರಂಗನಾಥನ್ ಮಂಡಿಸಿದ್ದೂ 1948ರಲ್ಲಿಯೇ. ಅವರು 1962ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ದಾಖಲಾತಿ ಸಂಶೋಧನ ಹಾಗೂ ತರಬೇತಿ ಕೇಂದ್ರ ಆ ವಿದ್ಯೆಗೆ ನೆಲೆಯಾಯಿತು. ಅಳೆಯಬೇಕಾದ ಶಾಸ್ತ್ರವೂ ಅಳೆಯುವ ಶಾಸ್ತ್ರವೂ ಒಂದೇ ಊರಿನಲ್ಲಿ ನೆಲೆ ಕಂಡವೆನ್ನಬಹುದು.

1955ರಲ್ಲಿ ಸಂಸ್ಥೆಯ ಕೇಂದ್ರಸ್ಥಾನ ಕರ್ನಾಲ್‌ಗೆ ವರ್ಗಾವಣೆಯಾಗಿ, ಬೆಂಗಳೂರು ದಕ್ಷಿಣ ಪ್ರಾದೇಶಿಕ ಕೇಂದ್ರವಾಗಿ ಉಳಿಯಿತು. ಅದೇ ವರ್ಷ ಆನಂದ್‌ನಲ್ಲಿ ಎಮ್ಮೆಯ ಹಾಲಿನಿಂದ ಪುಡಿ ತಯಾರಿಸುವ ಕಾರ್ಖಾನೆ ಆರಂಭವಾಯಿತು. ಎಮ್ಮೆಯ ಹಾಲನ್ನು ಪುಡಿಯಾಗಿಸುವುದು ಸಾಧ್ಯವಿಲ್ಲವೆಂಬ ವಿದೇಶೀ ತಜ್ಞರ ಅಭಿಪ್ರಾಯವನ್ನು ಎಚ್. ಎಂ. ದಲಾಯಾ ಸುಳ್ಳಾಗಿಸಿದ್ದರು. ಇದು ಯಂತ್ರದ ಮುಂದೆ ನಿಂತು ಸಾಧಿಸಿದ ವಿದ್ಯೆ. ಯಂತ್ರ ನಡೆಸಿದವರ ಅನುಭವದ ಮೂಲಕವೇ ಬಹುಮಟ್ಟಿಗೆ ಅದು ಹರಡಿತು. ಮುಂಬಯಿಯಲ್ಲಿ ಡಿ. ಎನ್. ಖುರೋಡಿ ರೂಪಿಸಿದ ಟೋನ್ಡ್ ಹಾಲಿನ ಕಥೆಯೂ ಹಾಗೆಯೇ. ಎಮ್ಮೆಯ ಗಟ್ಟಿ ಹಾಲಿಗೆ ಕೆನೆ ತೆಗೆದ ಹಾಲಿನ ಪುಡಿ ಮತ್ತು ನೀರು ಸೇರಿಸಿ, ಕಡಿಮೆ ಬೆಲೆಯಲ್ಲಿ ಹೆಚ್ಚು ಜನರಿಗೆ ಹಾಲು ಮುಟ್ಟಿಸಿದ ಕ್ರಮವದು. ಪ್ರಬಂಧಗಳ ಎಣಿಕೆಯನ್ನೇ ನಂಬಿದವರಿಗೆ ಈ ಎರಡೂ ಘಟನೆಗಳು ಕಾಣಿಸುವುದೇ ಕಷ್ಟ.

ನಂತರದ ದಶಕಗಳಲ್ಲಿ ಎಮ್ಮೆಯ ಹಾಲೇ ಸಂಶೋಧನೆಯ ಪ್ರಧಾನ ವಸ್ತುಗಳಲ್ಲೊಂದಾಯಿತು. ಅದರಲ್ಲಿ ಕೊಬ್ಬು, ಕೇಸೀನ್, ಕ್ಯಾಲ್ಸಿಯಂ ಹೆಚ್ಚು. ಕ್ಯಾರೊಟೀನ್ ಇಲ್ಲವೆನ್ನುವಷ್ಟು ಕಡಿಮೆ. ಹಸುವಿನ ಹಾಲಿಗೆ ಹೊಂದಿಸಿದ ವಿಧಾನದಲ್ಲಿ ಚೆಡ್ಡಾರ್ ಗಿಣ್ಣು ಮಾಡಿದರೆ ಅದು ಗಡುಸಾಗುತ್ತದೆ, ನಿಧಾನವಾಗಿ ಮಾಗುತ್ತದೆ. ಈ ಕಷ್ಟಗಳನ್ನು ಒಂದೊಂದಾಗಿ ಬಿಡಿಸಿದ ಪ್ರಬಂಧಗಳು ಬಹುವಾಗಿ ಭಾರತೀಯ ನಿಯತಕಾಲಿಕಗಳಲ್ಲಿಯೇ ಬಂದವು. 1939ರಲ್ಲಿ ಬ್ರಿಟನ್ನಿನಲ್ಲಿ ಆರಂಭವಾಗಿದ್ದ 'ಡೈರಿ ಸೈನ್ಸ್ ಆಬ್‌ಸ್ಟ್ರಾಕ್ಟ್ಸ್' ಇಂಥ ಬರೆಹಗಳ ಸಾರವನ್ನು ಜಗತ್ತಿಗೆ ತಲುಪಿಸುತ್ತಿತ್ತು. ಹಾಲಿನ ಬಗ್ಗೆ ಎಲ್ಲಿ ಏನು ಬರೆಯಲಾಗಿದೆ ಎಂಬುದು ಆ ಸಾರಸಂಗ್ರಹದ ಪ್ರಶ್ನೆಯಾಗಿತ್ತು. 1964ರಲ್ಲಿ ಬಂದ ಸೈನ್ಸ್ ಸೈಟೇಷನ್ ಇಂಡೆಕ್ಸ್ ಕೇಳಿದ ಪ್ರಶ್ನೆ ಬೇರೆ: ಆಯ್ದ ಪತ್ರಿಕೆಗಳಲ್ಲಿ ಯಾರು ಯಾರನ್ನು ಉಲ್ಲೇಖಿಸಿದ್ದಾರೆ? ಆಯ್ಕೆಯ ಹೊರಗೆ ಉಳಿದ ಪತ್ರಿಕೆಯಲ್ಲಿ ಬರೆದವನ ಕೆಲಸ ಎಷ್ಟೇ ಉಪಯುಕ್ತವಾಗಿದ್ದರೂ ಎಣಿಕೆಯಲ್ಲಿ ಹಿಂದೆ ಬಿತ್ತು. ಬಡ್ತಿ, ಅನುದಾನಗಳು ಈ ಎಣಿಕೆಗೆ ಅಂಟಿಕೊಂಡ ಮೇಲೆ ಸಂಶೋಧಕನ ಆಯ್ಕೆ ಬದಲಾದದ್ದು ಸಹಜ. ಅದಕ್ಕಾಗಿ ಅವನನ್ನು ದೂರುವುದು ನ್ಯಾಯವಲ್ಲ.

ಇತ್ತೀಚಿನ ದಶಕಗಳಲ್ಲಿ ಸಂಶೋಧನೆ ತಳಿಗುಣ, ಭ್ರೂಣ, ಉಪಯುಕ್ತ ಸೂಕ್ಷ್ಮಾಣುಜೀವಿಗಳತ್ತ ತಿರುಗಿದೆ. ಕರ್ನಾಲ್‌ನಲ್ಲಿ 2009ರಲ್ಲಿ ತದ್ರೂಪಿ ಎಮ್ಮೆಕರುಗಳು ಹುಟ್ಟಿದುದು ಈ ತಿರುವಿನ ಪ್ರಸಿದ್ಧ ಉದಾಹರಣೆ. ಇಂಥ ಪ್ರಬಂಧಗಳಿಗೆ ಜೀವತಂತ್ರಜ್ಞಾನದ, ಸಂತಾನೋತ್ಪತ್ತಿ ಶಾಸ್ತ್ರದ ಪತ್ರಿಕೆಗಳೂ ತೆರೆದಿರುವುದರಿಂದ ಹೈನುವಿಜ್ಞಾನದ ಹೆಸರಿನಲ್ಲಿ ಹುಡುಕಿದರೆ ಅವುಗಳಲ್ಲಿ ಹಲವು ಸಿಗುವುದಿಲ್ಲ. ಪತ್ರಿಕೆಗಳೂ ಸ್ಥಿರವಾಗಿಲ್ಲ. 'ಲ ಲೆ' 2008ರಲ್ಲಿ ಇಂಗ್ಲಿಷ್ ಹೆಸರು ತಳೆದು 2016ರ ಕೊನೆಗೆ ನಿಂತುಹೋಯಿತು. 'ಜರ್ನಲ್ ಆಫ್ ಡೈರಿ ಸೈನ್ಸ್' 2022ರಿಂದ ಎಲ್ಲರಿಗೂ ಉಚಿತವಾಗಿ ದೊರೆಯುತ್ತಿದೆ. ಪ್ರಕಟಣೆಯ ವೆಚ್ಚ ಓದುಗನಿಂದ ಲೇಖಕನ ಕಡೆಗೆ ಸರಿದಿದೆ. ಅನುದಾನವಿಲ್ಲದ ಕಾಲೇಜಿನ ಅಧ್ಯಾಪಕನಿಗೆ ಓದುವ ಬಾಗಿಲು ತೆರೆದು ಬರೆಯುವ ಬಾಗಿಲು ಕಿರಿದಾದಂತೆ ಇದು.

ದೇಶದ ಹಾಲಿನ ಉತ್ಪಾದನೆ 1950-51ರಲ್ಲಿ ಸುಮಾರು 1.7 ಕೋಟಿ ಟನ್ ಇದ್ದದ್ದು 2023-24ರಲ್ಲಿ ಸುಮಾರು 23.9 ಕೋಟಿ ಟನ್ನಿಗೆ ಏರಿತು. ಈ ಏರಿಕೆಯ ಹಿಂದೆ ಸಹಕಾರ ಸಂಘಗಳಿವೆ, ಮಿಶ್ರತಳಿಗಳಿವೆ, ಮನೆಮನೆಯ ಹೆಂಗಸರ ದುಡಿಮೆಯಿದೆ. ಇದರಲ್ಲಿ ಸಂಶೋಧನೆಯ ಪಾಲೆಷ್ಟು ಎಂದು ತಿಳಿಯಬಯಸುವ ಚರಿತ್ರಕಾರ ವಾರ್ಷಿಕ ವರದಿ, ಕಿರುಹೊತ್ತಿಗೆ, ಅಚ್ಚಾಗದ ಪದವಿ ಪ್ರಬಂಧಗಳನ್ನು ತೆರೆಯಲೇಬೇಕು. 1980ರಲ್ಲಿ ಹೆಬ್ಬಾಳದಲ್ಲಿ ಹೈನುವಿಜ್ಞಾನ ಕಾಲೇಜು ಆರಂಭವಾದ ಮೇಲೆ ನಮ್ಮ ರಾಜ್ಯದಲ್ಲಿಯೂ ಪದವಿ ಪ್ರಬಂಧಗಳು ಬೆಳೆದಿವೆ. ರೈತರಿಗಾಗಿ ಕನ್ನಡದಲ್ಲಿ ಬರೆದ ಮೇವಿನ, ಕೆಚ್ಚಲುಬಾವಿನ ಪುಸ್ತಿಕೆಗಳಂತೂ ಯಾವ ಲೆಕ್ಕಕ್ಕೂ ಬರುವುದಿಲ್ಲ.

ಕೆಲವು ವರ್ಷಗಳ ಹಿಂದೆ ಒಂದು ಗ್ರಂಥಾಲಯದಲ್ಲಿ ಹಳೆಯ ವರದಿಗಳನ್ನು ಕೇಳಿದಾಗ, ಸ್ಥಳದ ಅಭಾವದಿಂದ ಅವನ್ನು ವಿಲೇವಾರಿ ಮಾಡಲಾಗಿದೆ ಎಂಬ ಉತ್ತರ ಬಂದಿತು. ಪ್ರತಿಷ್ಠಿತ ವಿದೇಶೀ ಪತ್ರಿಕೆಗಳ ಕಟ್ಟು ಹಾಕಿದ ಸಂಪುಟಗಳು ಅದೇ ಕಪಾಟುಗಳಲ್ಲಿ ಕ್ರಮವಾಗಿ ನಿಂತಿದ್ದವು. ಅವು ಬೇರೆ ನೂರು ಕಡೆ ದೊರೆಯುತ್ತವೆ, ಈಗ ಗಣಕದ ಪರದೆಯ ಮೇಲೂ ದೊರೆಯುತ್ತವೆ. ವಿಲೇವಾರಿಯಾದ ವರದಿಗಳ ಇನ್ನೊಂದು ಪ್ರತಿಯನ್ನು ನಾನು ಇನ್ನೂ ಹುಡುಕುತ್ತಿದ್ದೇನೆ.