ಸೆಟ್-ಟಾಪ್ ಬಾಕ್ಸ್ ಮುದ್ರಣಕ್ಕೆ ಬಾಹ್ಯ ಸಂಗ್ರಹ

ಟಿವಿ ಕಾರ್ಯಕ್ರಮಗಳನ್ನು ಮುದ್ರಿಸಿಕೊಳ್ಳಬಲ್ಲ ಸೆಟ್-ಟಾಪ್ ಬಾಕ್ಸ್‌ಗೆ ಹೊರಗಿನಿಂದ ಜೋಡಿಸುವ ಪೆನ್‌ಡ್ರೈವ್, ಹಾರ್ಡ್ ಡಿಸ್ಕ್ ಮೊದಲಾದ ಸಾಧನಗಳನ್ನು ಬಾಹ್ಯ ಸಂಗ್ರಹ ಎನ್ನುತ್ತಾರೆ. ಒಳಗೆ ಡಿಸ್ಕ್ ಇಲ್ಲದ ಬಾಕ್ಸ್‌ನಲ್ಲಿ ಮುದ್ರಣ ಸಾಧ್ಯವಾಗುವುದೇ ಇದರಿಂದ. ಒಳಗೆ ಡಿಸ್ಕ್ ಇರುವ ಕೆಲವು ಬಾಕ್ಸ್‌ಗಳಲ್ಲಿ ಇದು ಸಂಗ್ರಹದ ಸ್ಥಳವನ್ನು ಹೆಚ್ಚಿಸುತ್ತದೆ. ಭಾರತದಲ್ಲಿ ಈ ಜೋಡಣೆ ಹೆಚ್ಚಾಗಿ ಬಾಕ್ಸ್‌ನ ಯುಎಸ್‌ಬಿ ಕಿಂಡಿಯ ಮೂಲಕ ನಡೆಯುತ್ತದೆ.

ಹಿನ್ನೆಲೆ

ಮನೆಯಲ್ಲಿ ಟಿವಿ ಕಾರ್ಯಕ್ರಮಗಳನ್ನು ಮುದ್ರಿಸುವ ರೂಢಿ ವಿಡಿಯೋ ಕ್ಯಾಸೆಟ್ ರೆಕಾರ್ಡರ್‌ನಿಂದ ಜನಪ್ರಿಯವಾಯಿತು. ಜಪಾನಿನ ಜೆವಿಸಿ ಸಂಸ್ಥೆ 1976ರಲ್ಲಿ ವಿಎಚ್‌ಎಸ್ ಮಾದರಿಯ ಯಂತ್ರವನ್ನು ಮಾರುಕಟ್ಟೆಗೆ ತಂದಿತು. ಭಾರತದಲ್ಲಿ 1982ರ ಏಷ್ಯನ್ ಕ್ರೀಡಾಕೂಟದ ವೇಳೆಗೆ ವರ್ಣ ಪ್ರಸಾರ ಆರಂಭವಾದ ನಂತರ ಇಂತಹ ಯಂತ್ರಗಳು ಮನೆಗಳಿಗೆ ಬಂದವು. ಮೂರು ಗಂಟೆಯ ಒಂದು ಕ್ಯಾಸೆಟ್ ತುಂಬಿದರೆ ಇನ್ನೊಂದನ್ನು ಹಾಕಿದರಾಯಿತು. ಸಂಗ್ರಹವನ್ನು ಹೆಚ್ಚಿಸುವುದು ಎಂದರೆ ಇನ್ನೊಂದು ಕ್ಯಾಸೆಟ್ ಕೊಳ್ಳುವುದು ಎಂದಷ್ಟೇ ಅರ್ಥವಿತ್ತು.

1999ರಲ್ಲಿ ಅಮೆರಿಕದಲ್ಲಿ ಟಿವೋ ಮತ್ತು ರಿಪ್ಲೇಟಿವಿ ಎಂಬ ಯಂತ್ರಗಳು ಕ್ಯಾಸೆಟ್ಟಿನ ಬದಲಿಗೆ ಹಾರ್ಡ್ ಡಿಸ್ಕ್‌ನಲ್ಲಿ ಮುದ್ರಣ ಆರಂಭಿಸಿದವು. ಡಿಸ್ಕ್ ಯಂತ್ರದೊಳಗೇ ಇದ್ದುದರಿಂದ, ಅದು ತುಂಬಿದಾಗ ಹಳೆಯದನ್ನು ಅಳಿಸದೆ ಹೊಸದನ್ನು ಉಳಿಸಿಕೊಳ್ಳುವುದು ಹೇಗೆಂಬ ಪ್ರಶ್ನೆ ಎದ್ದಿತು. ಇದಕ್ಕೆ ಉತ್ತರವಾಗಿ ಇ-ಸಾಟಾ ಮತ್ತು ಯುಎಸ್‌ಬಿ ಕಿಂಡಿಗಳ ಮೂಲಕ ಹೊರಗಿನ ಡಿಸ್ಕ್ ಜೋಡಿಸುವ ವ್ಯವಸ್ಥೆ ಬಂದಿತು. ಭಾರತದಲ್ಲಿ ಟಾಟಾ ಸ್ಕೈ ಸಂಸ್ಥೆ, ಇಂದಿನ ಟಾಟಾ ಪ್ಲೇ, 2008ರಲ್ಲಿ ಒಳಡಿಸ್ಕ್ ಇರುವ ಟಾಟಾ ಸ್ಕೈ ಪ್ಲಸ್ ಬಾಕ್ಸನ್ನು ಪರಿಚಯಿಸಿತು. ಮುಂದೆ ಹಲವು ಸೇವಾದಾರರು ಒಳಡಿಸ್ಕಿನ ಬದಲು ಯುಎಸ್‌ಬಿ ಕಿಂಡಿಯನ್ನಷ್ಟೇ ಕೊಟ್ಟು, ಡಿಸ್ಕನ್ನು ಗ್ರಾಹಕರೇ ಕೊಂಡು ಜೋಡಿಸುವ ಕ್ರಮವನ್ನು ಅನುಸರಿಸಿದರು.

ಮೈಸೂರು ಜಿಲ್ಲೆಯಲ್ಲಿ ಡಿಜಿಟಲೀಕರಣ

ಕೇಬಲ್ ಪ್ರಸಾರವನ್ನು ಕಡ್ಡಾಯವಾಗಿ ಡಿಜಿಟಲ್ ಮಾಡುವ ಕೇಂದ್ರ ಸರ್ಕಾರದ ಯೋಜನೆ ನಾಲ್ಕು ಹಂತಗಳಲ್ಲಿ ನಡೆಯಿತು. ಮೈಸೂರು ನಗರವು ಬೆಂಗಳೂರಿನೊಂದಿಗೆ ಎರಡನೆಯ ಹಂತದಲ್ಲಿ ಸೇರಿತ್ತು. ಅದರ ಗಡುವು 2013ರ ಮಾರ್ಚ್ 31. ತಿರುಮಕೂಡಲು ನರಸೀಪುರ ತಾಲ್ಲೂಕಿನ ಬನ್ನೂರು, ನರಸೀಪುರ ಹಾಗೂ ನೆರೆಯ ನಂಜನಗೂಡಿನಂತಹ ಪಟ್ಟಣಗಳಿಗೆ ಅನ್ವಯಿಸುವ ಮೂರನೆಯ ಹಂತಕ್ಕೆ 2015ರ ಡಿಸೆಂಬರ್ 31 ಗಡುವಾಗಿತ್ತು. ಸುತ್ತಲಿನ ಹಳ್ಳಿಗಳು ನಾಲ್ಕನೆಯ ಹಂತಕ್ಕೆ ಸೇರಿದವು.

ಈ ಬದಲಾವಣೆಯಿಂದ ಮನೆಯ ಮುದ್ರಣದ ಸ್ವರೂಪವೇ ಬದಲಾಯಿತು. ಅನಲಾಗ್ ಕಾಲದಲ್ಲಿ ಕೇಬಲ್ ತಂತಿಯನ್ನು ನೇರವಾಗಿ ಕ್ಯಾಸೆಟ್ ರೆಕಾರ್ಡರ್‌ಗೆ ಕೊಟ್ಟು ಬೇಕಾದ ವಾಹಿನಿಯನ್ನು ಮುದ್ರಿಸಬಹುದಿತ್ತು. ಡಿಜಿಟಲ್ ಕೇಬಲ್‌ನಲ್ಲಿ ಸಂಕೇತವು ಗೂಢಲಿಪಿಯ ರೂಪದಲ್ಲಿ ಬರುತ್ತದೆ. ಅದನ್ನು ಬಿಡಿಸುವ ಕೀಲಿ ಸೇವಾದಾರರ ಬಾಕ್ಸ್‌ನೊಳಗೆ ಇರುತ್ತದೆ. ಆದ್ದರಿಂದ ಮುದ್ರಣದ ಕೆಲಸವೂ ಬಾಕ್ಸ್‌ಗೇ ವರ್ಗವಾಯಿತು; ಏನನ್ನು, ಎಲ್ಲಿ, ಎಷ್ಟು ಕಾಲ ಉಳಿಸಿಕೊಳ್ಳಬಹುದು ಎಂಬುದು ಬಾಕ್ಸ್‌ನ ತಂತ್ರಾಂಶವನ್ನು ಅವಲಂಬಿಸಿತು.

ಇದಕ್ಕೆ ಮುಖ್ಯ ಹೊರತು ಪ್ರಸಾರ ಭಾರತಿಯ ಉಚಿತ ಉಪಗ್ರಹ ಸೇವೆಯಾದ ಡಿಡಿ ಫ್ರೀ ಡಿಶ್. 2004ರಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಎಂಬ ಹೆಸರಿನಲ್ಲಿ ಆರಂಭವಾದ ಈ ಸೇವೆಗೆ ಮಾಸಿಕ ಶುಲ್ಕವಿಲ್ಲ. ಕನ್ನಡದ ಚಂದನ ವಾಹಿನಿ ಇದರಲ್ಲಿ ದೊರೆಯುತ್ತದೆ. ಈ ಸೇವೆಗಾಗಿ ಮುಕ್ತ ಮಾರುಕಟ್ಟೆಯಲ್ಲಿ ಮಾರಾಟವಾಗುವ ಬಾಕ್ಸ್‌ಗಳಲ್ಲಿ ಅನೇಕವು ಪೆನ್‌ಡ್ರೈವ್‌ಗೆ ಮುದ್ರಿಸುವ ಸೌಲಭ್ಯ ಹೊಂದಿವೆ.

ಕಾರ್ಯವಿಧಾನ

ಉಪಗ್ರಹ ಅಥವಾ ಕೇಬಲ್ ಮೂಲಕ ಬರುವ ಕಾರ್ಯಕ್ರಮವು ಪ್ರಸಾರ ಕೇಂದ್ರದಲ್ಲಿಯೇ ಎಂಪೆಗ್-2 ಅಥವಾ ಎಂಪೆಗ್-4 ವಿಧಾನದಲ್ಲಿ ಸಂಕುಚಿತಗೊಂಡಿರುತ್ತದೆ. ಮುದ್ರಣದ ವೇಳೆ ಬಾಕ್ಸ್ ಈ ದತ್ತಾಂಶದ ಹರಿವನ್ನು ಮತ್ತೆ ಸಂಕುಚಿತಗೊಳಿಸದೆ ಡಿಸ್ಕ್‌ಗೆ ಬರೆಯುತ್ತದೆ. ಆದ್ದರಿಂದ ಕ್ಯಾಸೆಟ್ಟಿನಲ್ಲಿ ಆಗುತ್ತಿದ್ದಂತೆ ಚಿತ್ರದ ಗುಣಮಟ್ಟ ಕುಗ್ಗುವುದಿಲ್ಲ. ದುಬಾರಿ ಡಿಸ್ಕ್ ಕೊಂಡರೆ ಚಿತ್ರ ಹೆಚ್ಚು ಸ್ಪಷ್ಟವಾಗುತ್ತದೆ ಎಂಬ ನಂಬಿಕೆಗೂ ಆಧಾರವಿಲ್ಲ.

ವೇಗವೂ ದೊಡ್ಡ ಅಡ್ಡಿಯಲ್ಲ. ಯುಎಸ್‌ಬಿ 2.0 ಕಿಂಡಿಯ ಗರಿಷ್ಠ ವೇಗ ಸೆಕೆಂಡಿಗೆ 480 ಮೆಗಾಬಿಟ್. ಎಚ್‌ಡಿ ವಾಹಿನಿಯ ಹರಿವು ಸೆಕೆಂಡಿಗೆ 8 ಮೆಗಾಬಿಟ್ ಎಂದಿಟ್ಟುಕೊಂಡರೆ, ಒಂದನ್ನು ಮುದ್ರಿಸುತ್ತ ಇನ್ನೊಂದನ್ನು ಮರುಪ್ರದರ್ಶಿಸಿದರೂ ಬೇಕಾಗುವುದು 16 ಮೆಗಾಬಿಟ್ ಮಾತ್ರ.

ಒಂದು ವಾಹಿನಿಯನ್ನು ನೋಡುತ್ತ ಇನ್ನೊಂದನ್ನು ಮುದ್ರಿಸಬಹುದೇ ಎಂಬುದನ್ನು ನಿರ್ಧರಿಸುವುದು ಬಾಕ್ಸ್‌ನಲ್ಲಿರುವ ಟ್ಯೂನರ್‌ಗಳ ಸಂಖ್ಯೆ. ಡಿಸ್ಕ್ ಎಷ್ಟೇ ದೊಡ್ಡದಾದರೂ ಟ್ಯೂನರ್ ಹೆಚ್ಚುವುದಿಲ್ಲ. ಒಂದೇ ಟ್ಯೂನರ್ ಇರುವ ಬಾಕ್ಸ್‌ನಲ್ಲಿ ಸಾಮಾನ್ಯವಾಗಿ ನೋಡುತ್ತಿರುವ ವಾಹಿನಿಯನ್ನಷ್ಟೇ ಮುದ್ರಿಸಬಹುದು.

ಸಾಮರ್ಥ್ಯದ ಲೆಕ್ಕ

ಬೇಕಾಗುವ ಸ್ಥಳವನ್ನು ಸರಳ ಗುಣಾಕಾರದಿಂದ ತಿಳಿಯಬಹುದು. ಸೆಕೆಂಡಿಗೆ ಹರಿಯುವ ಮೆಗಾಬಿಟ್ಟುಗಳನ್ನು 3,600ರಿಂದ ಗುಣಿಸಿ 8ರಿಂದ ಭಾಗಿಸಿದರೆ ಒಂದು ಗಂಟೆಗೆ ತಗಲುವ ಮೆಗಾಬೈಟ್ ದೊರೆಯುತ್ತದೆ. ಹರಿವಿನ ಪ್ರಮಾಣ ವಾಹಿನಿಯಿಂದ ವಾಹಿನಿಗೆ ಬದಲಾಗುವುದರಿಂದ ಕೆಳಗಿನವು ಉದಾಹರಣೆಗಳು ಮಾತ್ರ:

• ಸೆಕೆಂಡಿಗೆ 2 ಮೆಗಾಬಿಟ್: ಗಂಟೆಗೆ 0.9 ಗಿಗಾಬೈಟ್. 32 ಗಿಗಾಬೈಟ್ ಪೆನ್‌ಡ್ರೈವ್‌ನಲ್ಲಿ ಸುಮಾರು 35 ಗಂಟೆ, 500 ಗಿಗಾಬೈಟ್ ಡಿಸ್ಕ್‌ನಲ್ಲಿ ಸುಮಾರು 555 ಗಂಟೆ.
• ಸೆಕೆಂಡಿಗೆ 4 ಮೆಗಾಬಿಟ್: ಗಂಟೆಗೆ 1.8 ಗಿಗಾಬೈಟ್. ಕ್ರಮವಾಗಿ ಸುಮಾರು 17 ಗಂಟೆ ಮತ್ತು 277 ಗಂಟೆ.
• ಸೆಕೆಂಡಿಗೆ 8 ಮೆಗಾಬಿಟ್: ಗಂಟೆಗೆ 3.6 ಗಿಗಾಬೈಟ್. ಕ್ರಮವಾಗಿ ಸುಮಾರು 8 ಗಂಟೆ ಮತ್ತು 138 ಗಂಟೆ.

ನೇರ ಪ್ರಸಾರವನ್ನು ತಡೆಹಿಡಿದು ನಂತರ ನೋಡುವ ಸೌಲಭ್ಯಕ್ಕಾಗಿ ಬಾಕ್ಸ್ ಡಿಸ್ಕಿನ ಒಂದು ಭಾಗವನ್ನು ಕಾದಿರಿಸುವುದರಿಂದ ವಾಸ್ತವದಲ್ಲಿ ದೊರೆಯುವ ಅವಧಿ ಇದಕ್ಕಿಂತ ಕಡಿಮೆಯಾಗಬಹುದು.

ಸಾಧನದ ಆಯ್ಕೆ

ಪೆನ್‌ಡ್ರೈವ್ ಅಗ್ಗ, ಚಿಕ್ಕದು. ಅದಕ್ಕೆ ಪ್ರತ್ಯೇಕ ವಿದ್ಯುತ್ ಬೇಡ. ಅಪರೂಪಕ್ಕೆ ಒಂದೆರಡು ಕಾರ್ಯಕ್ರಮ ಮುದ್ರಿಸುವವರಿಗೆ ಅದು ಸಾಕು. ಆದರೆ ಅದರ ಸ್ಮೃತಿಕೋಶಗಳಿಗೆ ಬರೆದು ಅಳಿಸುವ ಆವೃತ್ತಿಗಳ ಮಿತಿಯಿದೆ. ತಡೆಹಿಡಿಯುವ ಸೌಲಭ್ಯ ಸದಾ ಚಾಲನೆಯಲ್ಲಿದ್ದರೆ ಬಾಕ್ಸ್ ದಿನವಿಡೀ ಬರೆಯುತ್ತಲೇ ಇರುವುದರಿಂದ ಪೆನ್‌ಡ್ರೈವ್ ಬೇಗ ಸವೆಯುತ್ತದೆ.

ದಿನನಿತ್ಯದ ಮುದ್ರಣಕ್ಕೆ ಹಾರ್ಡ್ ಡಿಸ್ಕ್ ಹೆಚ್ಚು ಸೂಕ್ತ. ಇದರಲ್ಲಿ ಎರಡು ಅಳತೆಗಳಿವೆ. 2.5 ಅಂಗುಲದ ಡಿಸ್ಕ್ ಯುಎಸ್‌ಬಿ ಕಿಂಡಿಯಿಂದಲೇ ವಿದ್ಯುತ್ ಪಡೆಯುತ್ತದೆ. 3.5 ಅಂಗುಲದ ಡಿಸ್ಕಿಗೆ ಪ್ರತ್ಯೇಕ ಅಡಾಪ್ಟರ್ ಅಗತ್ಯ. ಯುಎಸ್‌ಬಿ 2.0 ನಿಯಮದಂತೆ ಕಿಂಡಿಯು ಕೊಡುವುದು 500 ಮಿಲಿಆಂಪಿಯರ್. ಡಿಸ್ಕ್ ತಿರುಗಲು ಆರಂಭಿಸುವ ಕ್ಷಣದಲ್ಲಿ ಇದಕ್ಕಿಂತ ಹೆಚ್ಚು ಬೇಡುವುದುಂಟು. ಆಗ ಡಿಸ್ಕ್ ಟಿಕ್ ಟಿಕ್ ಸದ್ದು ಮಾಡಿ ನಿಲ್ಲುತ್ತದೆ, ಅಥವಾ ಬಾಕ್ಸ್ ತಾನಾಗಿಯೇ ಮರುಚಾಲನೆಗೊಳ್ಳುತ್ತದೆ. ಸ್ವಂತ ಅಡಾಪ್ಟರ್ ಇರುವ ಯುಎಸ್‌ಬಿ ಹಬ್ ಬಳಸಿದರೆ ಈ ತೊಂದರೆ ನೀಗಬಹುದು. ಆದರೆ ಕೆಲವು ಬಾಕ್ಸ್‌ಗಳು ಹಬ್ಬನ್ನು ಗುರುತಿಸುವುದಿಲ್ಲ.

ಬಾಕ್ಸ್ ಒಪ್ಪುವ ಗರಿಷ್ಠ ಹಾಗೂ ಕನಿಷ್ಠ ಸಾಮರ್ಥ್ಯ ಕೈಪಿಡಿಯಲ್ಲಿ ನಮೂದಾಗಿರುತ್ತದೆ. ಇದನ್ನು ಕೊಳ್ಳುವ ಮೊದಲೇ ನೋಡಬೇಕು. ಕಿಂಡಿ ಇದೆಯೆಂದ ಮಾತ್ರಕ್ಕೆ ಮುದ್ರಣ ಸಾಧ್ಯವೆಂದಲ್ಲ. ಕೆಲವು ಬಾಕ್ಸ್‌ಗಳಲ್ಲಿ ಅದು ತಂತ್ರಾಂಶದ ನವೀಕರಣಕ್ಕೆ ಅಥವಾ ಛಾಯಾಚಿತ್ರ, ಹಾಡುಗಳ ಪ್ರದರ್ಶನಕ್ಕೆ ಮಾತ್ರ ಮೀಸಲು.

ಕಡತ ವ್ಯವಸ್ಥೆ

ಡಿಸ್ಕಿನಲ್ಲಿ ಕಡತಗಳನ್ನು ಜೋಡಿಸುವ ಕ್ರಮಕ್ಕೆ ಕಡತ ವ್ಯವಸ್ಥೆ ಎಂದು ಹೆಸರು. ಬಹುತೇಕ ಬಾಕ್ಸ್‌ಗಳು ಫ್ಯಾಟ್-32 ವ್ಯವಸ್ಥೆಯನ್ನು ಒಪ್ಪುತ್ತವೆ. ಇದರಲ್ಲಿ ಒಂದು ಕಡತ 4 ಗಿಗಾಬೈಟ್‌ಗಿಂತ ದೊಡ್ಡದಾಗುವಂತಿಲ್ಲ. ಸೆಕೆಂಡಿಗೆ 8 ಮೆಗಾಬಿಟ್ ಹರಿವಿನ ಎಚ್‌ಡಿ ಕಾರ್ಯಕ್ರಮ ಈ ಮಿತಿಯನ್ನು ಸುಮಾರು 1 ಗಂಟೆ 10 ನಿಮಿಷದಲ್ಲಿ ಮುಟ್ಟುತ್ತದೆ. ಆದುದರಿಂದ ಮೂರು ಗಂಟೆಯ ಚಲನಚಿತ್ರ ಮೂರು ಕಡತಗಳಾಗಿ ಒಡೆದಿರುವುದು ದೋಷವಲ್ಲ. ಕೆಲವು ಬಾಕ್ಸ್‌ಗಳು ಈ ಮಿತಿಯಿಲ್ಲದ ಎನ್‌ಟಿಎಫ್‌ಎಸ್ ವ್ಯವಸ್ಥೆಯನ್ನು ಬಳಸುತ್ತವೆ. ಇನ್ನು ಕೆಲವು ಕಂಪ್ಯೂಟರ್ ಓದಲಾರದ ತಮ್ಮದೇ ವ್ಯವಸ್ಥೆಗೆ ಡಿಸ್ಕನ್ನು ಪರಿವರ್ತಿಸಿಕೊಳ್ಳುತ್ತವೆ.

ಜೋಡಿಸುವ ಕ್ರಮ

1. ಡಿಸ್ಕಿನಲ್ಲಿ ಹಳೆಯ ಛಾಯಾಚಿತ್ರ, ದಾಖಲೆಗಳಿದ್ದರೆ ಬೇರೆಡೆ ನಕಲು ಮಾಡಿಟ್ಟುಕೊಳ್ಳಬೇಕು.
2. ಬಾಕ್ಸನ್ನು ಆರಿಸಿ, ಡಿಸ್ಕನ್ನು ಯುಎಸ್‌ಬಿ ಕಿಂಡಿಗೆ ಜೋಡಿಸಿ, ಬಾಕ್ಸನ್ನು ಮತ್ತೆ ಚಾಲನೆ ಮಾಡಬೇಕು.
3. ಪರದೆಯ ಮೇಲೆ ಫಾರ್ಮ್ಯಾಟ್ ಮಾಡಬೇಕೆ ಎಂಬ ಪ್ರಶ್ನೆ ಬರಬಹುದು. ಒಪ್ಪಿದರೆ ಡಿಸ್ಕಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ.
4. ಮೆನುವಿನಲ್ಲಿ ಡಿಸ್ಕಿನ ಒಟ್ಟು ಹಾಗೂ ಉಳಿದ ಸಾಮರ್ಥ್ಯ ತೋರುತ್ತಿದೆಯೇ ಎಂದು ಪರೀಕ್ಷಿಸಬೇಕು.
5. ಹತ್ತು ನಿಮಿಷ ಮುದ್ರಿಸಿ, ಮರುಪ್ರದರ್ಶಿಸಿ ನೋಡಬೇಕು. ಆ ನಂತರವೇ ಮುಖ್ಯ ಕಾರ್ಯಕ್ರಮಕ್ಕೆ ಸಮಯ ನಿಗದಿಪಡಿಸುವುದು ಕ್ಷೇಮ.
6. ಡಿಸ್ಕ್ ತೆಗೆಯುವ ಮೊದಲು ಮುದ್ರಣವನ್ನು ನಿಲ್ಲಿಸಿ, ಮೆನುವಿನಲ್ಲಿ ಸುರಕ್ಷಿತವಾಗಿ ತೆಗೆಯುವ ಆಯ್ಕೆ ಇದ್ದರೆ ಅದನ್ನು ಬಳಸಬೇಕು. ಇಲ್ಲದಿದ್ದರೆ ಬಾಕ್ಸನ್ನು ಆರಿಸಬೇಕು.

ಪೂರ್ವನಿಗದಿತ ಮುದ್ರಣಕ್ಕೆ ಬಾಕ್ಸ್‌ಗೆ ವಿದ್ಯುತ್ ಸಂಪರ್ಕ ಇರಲೇಬೇಕು. ರಿಮೋಟ್‌ನಿಂದ ವಿರಾಮ ಸ್ಥಿತಿಗೆ ತಂದರೆ ಹೆಚ್ಚಿನ ಬಾಕ್ಸ್‌ಗಳು ಸಮಯಕ್ಕೆ ಸರಿಯಾಗಿ ಎಚ್ಚರಗೊಳ್ಳುತ್ತವೆ. ಗೋಡೆಯ ಸ್ವಿಚ್ ಆರಿಸಿದರೆ ಮುದ್ರಣವಾಗುವುದಿಲ್ಲ.

ಮುದ್ರಣಗಳು ನಷ್ಟವಾಗುವ ಬಗೆ

ಬರೆಯುವ ಕ್ಷಣದಲ್ಲಿ ವಿದ್ಯುತ್ ನಿಂತರೆ ಕಡತಗಳ ಸೂಚಿ ಕೆಡಬಹುದು. ಆಗ ಆ ಒಂದು ಕಾರ್ಯಕ್ರಮವಷ್ಟೇ ಅಲ್ಲ, ಹಿಂದಿನವೂ ಕಾಣದಂತಾಗುವ ಸಂಭವವಿದೆ. ವಿದ್ಯುತ್ ವ್ಯತ್ಯಯ ಹೆಚ್ಚಾಗಿರುವ ಊರುಗಳಲ್ಲಿ ಬಾಕ್ಸ್ ಮತ್ತು ಡಿಸ್ಕ್ ಎರಡನ್ನೂ ಯುಪಿಎಸ್‌ಗೆ ಜೋಡಿಸುವುದು ಒಳ್ಳೆಯದು. ಟಿವಿ ಯುಪಿಎಸ್‌ನಲ್ಲಿ ಇಲ್ಲದಿದ್ದರೂ ಮುದ್ರಣ ಮುಂದುವರಿಯುತ್ತದೆ.

ಇದಕ್ಕಿಂತ ಗಂಭೀರವಾದುದು ಗೂಢಲಿಪಿಯ ಸಮಸ್ಯೆ. ಪಾವತಿ ಸೇವೆಗಳ ಬಾಕ್ಸ್‌ಗಳು ಸಾಮಾನ್ಯವಾಗಿ ಮುದ್ರಣವನ್ನು ಆ ಬಾಕ್ಸ್‌ಗೇ ಬೆಸೆದಿರುತ್ತವೆ. ಅದೇ ಡಿಸ್ಕನ್ನು ಕಂಪ್ಯೂಟರ್‌ಗಾಗಲಿ, ಪಕ್ಕದ ಮನೆಯ ಅದೇ ಮಾದರಿಯ ಬಾಕ್ಸ್‌ಗಾಗಲಿ ಹಾಕಿದರೆ ಕಾರ್ಯಕ್ರಮ ಕಾಣುವುದಿಲ್ಲ. ಬಾಕ್ಸ್ ಕೆಟ್ಟು ಬದಲಿ ಬಂದಾಗ, ಅಥವಾ ಕೆಲವು ಸೇವೆಗಳಲ್ಲಿ ಚಂದಾ ಮುಗಿದಾಗ, ಡಿಸ್ಕ್ ಸುಸ್ಥಿತಿಯಲ್ಲಿದ್ದರೂ ಅದರಲ್ಲಿರುವುದು ನಿರುಪಯುಕ್ತವಾಗುತ್ತದೆ. ಮನೆಯ ಮಗು ಕಿರುತೆರೆಯಲ್ಲಿ ಕಾಣಿಸಿಕೊಂಡ ರಸಪ್ರಶ್ನೆಯನ್ನೋ ಊರಿನ ಕಲಾವಿದರ ಕಾರ್ಯಕ್ರಮವನ್ನೋ ಬಹುಕಾಲ ಉಳಿಸಬೇಕೆನ್ನುವವರು ಇದನ್ನು ಮೊದಲೇ ತಿಳಿದಿರಬೇಕು. ಫ್ರೀ ಡಿಶ್‌ನ ಗೂಢಲಿಪಿಯಿಲ್ಲದ ವಾಹಿನಿಗಳ ಮುದ್ರಣವನ್ನು ಅನೇಕ ಬಾಕ್ಸ್‌ಗಳು ಸಾಮಾನ್ಯ ಕಡತವಾಗಿಯೇ ಉಳಿಸುತ್ತವೆ. ಅದನ್ನು ಕಂಪ್ಯೂಟರ್‌ಗೆ ನಕಲು ಮಾಡಿ ವಿಎಲ್‌ಸಿಯಂತಹ ತಂತ್ರಾಂಶದಲ್ಲಿ ನೋಡಬಹುದು. ಹಾಗೆ ಮಾಡಿದರೂ ಒಂದೇ ಡಿಸ್ಕನ್ನು ನಂಬದೆ ಎರಡು ಪ್ರತಿಗಳನ್ನು ಇಟ್ಟುಕೊಳ್ಳುವುದು ಸೂಕ್ತ.

ಕಾನೂನು

ಭಾರತದ ಕೃತಿಸ್ವಾಮ್ಯ ಅಧಿನಿಯಮ, 1957ರ 37ನೆಯ ಕಲಮು ಪ್ರಸಾರ ಸಂಸ್ಥೆಗಳಿಗೆ ತಮ್ಮ ಪ್ರಸಾರದ ಮೇಲೆ 25 ವರ್ಷಗಳ ವಿಶೇಷ ಹಕ್ಕನ್ನು ನೀಡುತ್ತದೆ. 39ನೆಯ ಕಲಮಿನಂತೆ, ಮುದ್ರಿಸುವವರ ಖಾಸಗಿ ಬಳಕೆಗಾಗಿ ಅಥವಾ ಪ್ರಾಮಾಣಿಕ ಬೋಧನೆ, ಸಂಶೋಧನೆಗಳಿಗಾಗಿ ಮಾತ್ರ ಮಾಡಿಕೊಂಡ ಮುದ್ರಣದಿಂದ ಈ ಹಕ್ಕು ಭಂಗವಾಗುವುದಿಲ್ಲ. ಪ್ರತಿಗಳನ್ನು ಮಾರುವುದು, ಅಂತರಜಾಲಕ್ಕೆ ಏರಿಸುವುದು ಈ ವಿನಾಯಿತಿಯೊಳಗೆ ಬರುವುದಿಲ್ಲ. 2012ರ ತಿದ್ದುಪಡಿಯಿಂದ ಸೇರಿದ 65ಎ ಕಲಮು, ಹಕ್ಕುಗಳನ್ನು ಉಲ್ಲಂಘಿಸುವ ಉದ್ದೇಶದಿಂದ ತಾಂತ್ರಿಕ ರಕ್ಷಣೆಯನ್ನು ಮುರಿಯುವುದನ್ನು ಅಪರಾಧವೆಂದು ಪರಿಗಣಿಸುತ್ತದೆ. ಅಮೆರಿಕದಲ್ಲಿ ನಂತರ ನೋಡುವುದಕ್ಕಾಗಿ ಮನೆಯಲ್ಲಿ ಮುದ್ರಿಸಿಕೊಳ್ಳುವುದು ನ್ಯಾಯಸಮ್ಮತವೆಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯ 1984ರ ಬೀಟಾಮ್ಯಾಕ್ಸ್ ಪ್ರಕರಣದಲ್ಲಿ ತೀರ್ಪಿತ್ತಿತು.

ಶೈಕ್ಷಣಿಕ ಉಪಯೋಗ ಮತ್ತು ಪರ್ಯಾಯಗಳು

ಕೋವಿಡ್ ಸಾಂಕ್ರಾಮಿಕದಿಂದ ಶಾಲೆಗಳು ಮುಚ್ಚಿದ್ದ 2020–21ರಲ್ಲಿ ಚಂದನ ವಾಹಿನಿಯು ಪ್ರೌಢಶಾಲಾ ಪಾಠಗಳನ್ನು ಪ್ರಸಾರ ಮಾಡಿತು. ಪ್ರಸಾರದ ವೇಳೆಗೆ ವಿದ್ಯಾರ್ಥಿ ಹೊಲದ ಅಥವಾ ಮನೆಯ ಕೆಲಸದಲ್ಲಿದ್ದರೆ ಪಾಠ ತಪ್ಪುತ್ತದೆ. ಅರ್ಥವಾಗದ ಭಾಗವನ್ನು ಮತ್ತೆ ಕೇಳುವ ಅವಕಾಶವೂ ಇರುವುದಿಲ್ಲ. ಇಂತಹ ಸಂದರ್ಭದಲ್ಲಿ ಒಂದು ಪೆನ್‌ಡ್ರೈವ್ ಟಿವಿಯನ್ನು ಮರುಪಾಠದ ಸಾಧನವನ್ನಾಗಿಸುತ್ತದೆ. ಅರ್ಧ ಗಂಟೆಯ ಪಾಠ ಸೆಕೆಂಡಿಗೆ 4 ಮೆಗಾಬಿಟ್ ಹರಿವಿನಲ್ಲಿ 0.9 ಗಿಗಾಬೈಟ್ ತೆಗೆದುಕೊಳ್ಳುವುದರಿಂದ, 32 ಗಿಗಾಬೈಟ್‌ನಲ್ಲಿ ಮೂವತ್ತಕ್ಕೂ ಹೆಚ್ಚು ಪಾಠಗಳು ಹಿಡಿಯುತ್ತವೆ.

ಯೂಟ್ಯೂಬ್ ಹಾಗೂ ವಾಹಿನಿಗಳ ಸ್ವಂತ ಆ್ಯಪ್‌ಗಳಲ್ಲಿ ಹಳೆಯ ಕಾರ್ಯಕ್ರಮಗಳು ದೊರೆಯತೊಡಗಿದ ಮೇಲೆ ಮನೆಯ ಮುದ್ರಣದ ಅಗತ್ಯ ತಗ್ಗಿದೆ. ಆದರೆ ಅವುಗಳಿಗೆ ಅಂತರಜಾಲ ಸಂಪರ್ಕ ಬೇಕು. ಒಂದು ಕಾರ್ಯಕ್ರಮ ಎಷ್ಟು ದಿನ ಅಲ್ಲಿರುತ್ತದೆ ಎಂಬುದು ಪ್ರಸಾರಕರ ನಿರ್ಧಾರ. ಅಂತರಜಾಲ ಸಮರ್ಪಕವಾಗಿಲ್ಲದ ಮನೆಗಳಲ್ಲಿ ಬಾಹ್ಯ ಸಂಗ್ರಹಕ್ಕೆ ಮುದ್ರಿಸಿಕೊಳ್ಳುವುದು ಈಗಲೂ ಕಡಿಮೆ ಖರ್ಚಿನ ವಿಧಾನವಾಗಿದೆ.