ವಾಕ್ ಮತ್ತು ಭಾಷಾ ದೋಷಗಳು

ಉಚ್ಚಾರಣೆ, ಧ್ವನಿ ಅಥವಾ ಮಾತಿನ ಸರಾಗತೆಯಲ್ಲಿನ ತೊಂದರೆ ವಾಕ್ ದೋಷ. ಪದ, ವ್ಯಾಕರಣ, ಅರ್ಥಗಳನ್ನು ಗ್ರಹಿಸುವಲ್ಲಿ ಅಥವಾ ಬಳಸುವಲ್ಲಿನ ತೊಂದರೆ ಭಾಷಾ ದೋಷ. ಎರಡೂ ಒಬ್ಬರಲ್ಲೇ ಇರಬಹುದು.

ಮಕ್ಕಳಲ್ಲಿ: ಮಾತು ತಡವಾಗುವುದು, ಉಚ್ಚಾರಣಾ ದೋಷ, ಉಗ್ಗು ಸಾಮಾನ್ಯವಾಗಿ ಕಾಣುತ್ತವೆ. ಶ್ರವಣದೋಷ, ಸೀಳು ಅಂಗುಳ, ಸೆರೆಬ್ರಲ್ ಪಾಲ್ಸಿ, ಆಟಿಸಂ ಕಾರಣವಾಗಬಹುದು. ಎಷ್ಟೋ ಮಕ್ಕಳಲ್ಲಿ ನಿರ್ದಿಷ್ಟ ಕಾರಣ ಸಿಗುವುದಿಲ್ಲ. ಉಗ್ಗು ಹೆಚ್ಚಾಗಿ 2ರಿಂದ 5 ವರ್ಷದೊಳಗೆ ಶುರುವಾಗಿ, ಬಹುಪಾಲು ಮಕ್ಕಳಲ್ಲಿ ತಾನಾಗಿ ಮಾಯವಾಗುತ್ತದೆ. ಮಾತು ಬರಲೆಂದು ನಾಲಿಗೆಗೆ ಬಜೆ ತಿಕ್ಕುವ ರೂಢಿಯುಂಟು. ಆದರೆ ಮಾತು ತಡವಾದಾಗ ಮೊದಲು ಆಗಬೇಕಾದದ್ದು ಶ್ರವಣ ಪರೀಕ್ಷೆ.

ವಯಸ್ಕರಲ್ಲಿ: ಪಾರ್ಶ್ವವಾಯು ಅಥವಾ ತಲೆಪೆಟ್ಟಿನಿಂದ ಮಿದುಳಿನ ಭಾಷಾ ಕೇಂದ್ರಗಳಿಗೆ ಹಾನಿಯಾದರೆ ಅಫೇಸಿಯಾ ಎಂಬ ಭಾಷಾ ದೋಷ ಉಂಟಾಗುತ್ತದೆ. ಎಡ ಮಿದುಳಿನ ಮುಂಭಾಗಕ್ಕೆ ಪೆಟ್ಟಾದವರು ಅರ್ಥ ಮಾಡಿಕೊಂಡರೂ ಮಾತಿಗೆ ತಡವರಿಸುವುದನ್ನು ಪಾಲ್ ಬ್ರೋಕಾ 1861ರಲ್ಲಿ ವಿವರಿಸಿದರು. ಮಾತು ಸರಾಗವಿದ್ದರೂ ಗ್ರಹಿಕೆ ಕೆಡುವ ಬಗೆಯನ್ನು ಕಾರ್ಲ್ ವೆರ್ನಿಕೆ 1874ರಲ್ಲಿ ಗುರುತಿಸಿದರು. ಪಾರ್ಕಿನ್ಸನ್ ಕಾಯಿಲೆಯಲ್ಲಿ ಸ್ನಾಯುಗಳ ಹಿಡಿತ ತಪ್ಪಿ ಮಾತು ಅಸ್ಪಷ್ಟವಾಗುತ್ತದೆ. ದಿನವಿಡೀ ಗಂಟಲಿಗೆ ಕೆಲಸ ಕೊಡುವ ಶಿಕ್ಷಕರು, ಗಾಯಕರಲ್ಲಿ ಧ್ವನಿ ದೋಷ ಹೆಚ್ಚು.

ದ್ವಿಭಾಷಾ ಪರಿಸರ: ಉದಾಹರಣೆಗೆ, ಪುಣೆಯ ಕನ್ನಡ ಮನೆಗಳ ಮಕ್ಕಳು ಓಣಿಯಲ್ಲಿ ಮರಾಠಿ, ಶಾಲೆಯಲ್ಲಿ ಹಲವೊಮ್ಮೆ ಇಂಗ್ಲಿಷ್ ಕಲಿಯುತ್ತಾರೆ. ಮರಾಠಿಯಲ್ಲಿ ಖುರ್ಚಿ ಸ್ತ್ರೀಲಿಂಗ, ಪಂಖಾ ಪುಲ್ಲಿಂಗ. ಕನ್ನಡದಲ್ಲಿ ಎರಡೂ ನಪುಂಸಕಲಿಂಗ. ಆದ್ದರಿಂದ ಇಂಥ ಮಗು ಮರಾಠಿಯ ಲಿಂಗದಲ್ಲಿ ಎಡವಿದರೆ ಅದು ಮನೆಮಾತಿನ ಪ್ರಭಾವ, ದೋಷವಲ್ಲ. ನಿಜವಾದ ಭಾಷಾ ದೋಷ ಎರಡೂ ಭಾಷೆಗಳಲ್ಲಿ ಕಾಣುತ್ತದೆ; ಹಾಗಾಗಿ ಪರೀಕ್ಷೆ ಎರಡರಲ್ಲೂ ನಡೆಯಬೇಕು. ಎರಡು ಭಾಷೆ ಕಲಿಯುವುದರಿಂದ ದೋಷ ಹುಟ್ಟುವುದಿಲ್ಲ. ಮನೆಮಾತು ಬಿಡಿಸುವುದು ಚಿಕಿತ್ಸೆಯೂ ಅಲ್ಲ.

ತಪಾಸಣೆ, ಚಿಕಿತ್ಸೆ: ವಾಕ್ ಚಿಕಿತ್ಸಕರು ಶ್ರವಣ, ಬಾಯಿಯ ರಚನೆ, ಗ್ರಹಿಕೆ, ಅಭಿವ್ಯಕ್ತಿಗಳನ್ನು ಪರೀಕ್ಷಿಸಿ ತರಬೇತಿ ಯೋಜಿಸುತ್ತಾರೆ, ಮನೆಯವರ ದಿನನಿತ್ಯದ ಅಭ್ಯಾಸವೂ ಅದರ ಭಾಗ. ಪುಣೆಯಲ್ಲಿ ಭಾರತಿ ವಿದ್ಯಾಪೀಠದ ವಾಕ್-ಶ್ರವಣ ಶಾಲೆ ಈ ವಿಷಯದಲ್ಲಿ ಶಿಕ್ಷಣ ನೀಡುತ್ತದೆ. ಕನ್ನಡದ ಪರೀಕ್ಷಾ ಸಾಮಗ್ರಿ ಬೆಳೆದದ್ದು ಮುಖ್ಯವಾಗಿ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ.

ಯೋಜನೆ, ಕಾನೂನು: 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಮಕ್ಕಳ ಭಾಷಾ ವಿಳಂಬದ ತಪಾಸಣೆಯೂ ಸೇರಿದೆ. ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ, 2016, ವಾಕ್ ಮತ್ತು ಭಾಷಾ ವೈಕಲ್ಯವನ್ನು ತನ್ನ 21 ವೈಕಲ್ಯಗಳಲ್ಲಿ ಒಂದೆಂದು ಪರಿಗಣಿಸುತ್ತದೆ. ಧ್ವನಿಪೆಟ್ಟಿಗೆ ತೆಗೆದುಹಾಕಿದ್ದರಿಂದ ಅಥವಾ ಅಫೇಸಿಯಾದಂಥ ಸ್ಥಿತಿಯಿಂದ ಬಂದ ಶಾಶ್ವತ ವೈಕಲ್ಯಕ್ಕೆ ಮಾತ್ರ ಈ ವರ್ಗ ಅನ್ವಯಿಸುತ್ತದೆ.