ಭ್ರೂಣ ಕೃಷಿ: ಪ್ರಯೋಗಾಲಯ ಪರಿಸರದ ಇತಿಹಾಸ

ಫಲೀಕರಣಗೊಂಡ ಅಂಡವನ್ನು ಗರ್ಭಾಶಯಕ್ಕೆ ಸೇರಿಸುವ ಮುನ್ನ ಕೆಲವು ದಿನ ದೇಹದ ಹೊರಗೆ ಬೆಳೆಸುವುದೇ ಭ್ರೂಣ ಕೃಷಿ. 1978ರ ಜುಲೈ 25ರಂದು ಇಂಗ್ಲೆಂಡಿನಲ್ಲಿ ಹುಟ್ಟಿದ ಮೊದಲ ಪ್ರನಾಳ ಶಿಶು ಲೂಯಿಸ್ ಬ್ರೌನ್‌ಳಿಂದ ಇದರ ಕಥೆಯನ್ನು ಆರಂಭಿಸುವುದು ರೂಢಿ. ಆದರೆ ಮೂಲ ಪಾಠಗಳು ಅದಕ್ಕೂ ಮೊದಲೇ ಇಲಿಯ ಭ್ರೂಣಗಳಿಂದ ಸಿಕ್ಕಿದ್ದವು. 1956ರಲ್ಲಿ ವೆಸ್ಲಿ ವಿಟನ್ ಸರಳ ಬೈಕಾರ್ಬೊನೇಟ್ ದ್ರಾವಣದಲ್ಲಿ ಎಂಟು ಕೋಶದ ಭ್ರೂಣಗಳನ್ನು ಗರ್ಭಾಶಯಕ್ಕೆ ಅಂಟಿಕೊಳ್ಳುವ ಮುಂಚಿನ ಬ್ಲಾಸ್ಟೊಸಿಸ್ಟ್ ಹಂತ ಮುಟ್ಟಿಸಿದರು. 1958ರಲ್ಲಿ ಆನ್ ಮೆಕ್‌ಲಾರೆನ್ ಮತ್ತು ಜಾನ್ ಬಿಗರ್ಸ್ ಹಾಗೆ ಬೆಳೆಸಿದ ಭ್ರೂಣಗಳಿಂದ ಜೀವಂತ ಮರಿಗಳನ್ನು ಪಡೆದರು.

ಈ ದ್ರಾವಣಗಳಲ್ಲಿ ಬೆರೆಸುವ ಗ್ಲುಕೋಸ್ ವಿಚಾರದಲ್ಲಿ ಮಾತ್ರ ದಾಖಲೆಗಳು ಒಂದಕ್ಕೊಂದು ಹೊಂದುವುದಿಲ್ಲ. ಹ್ಯಾಮ್‌ಸ್ಟರ್ ಭ್ರೂಣಗಳು ಎರಡು ಕೋಶಗಳಲ್ಲೇ ನಿಂತುಬಿಡುತ್ತಿದ್ದವು. ಗ್ಲುಕೋಸ್ ಮತ್ತು ಫಾಸ್ಫೇಟ್ ಇದಕ್ಕೆ ಕಾರಣವೆಂದು 1988ರಲ್ಲಿ ಶೀನಿ ಮತ್ತು ಬ್ಯಾರಿ ಬಾವಿಸ್ಟರ್ ತೋರಿಸಿದರು. ಎಂಟು ಕೋಶದ ಹಂತದಲ್ಲಿ ಗ್ಲುಕೋಸ್ ತೊಂದರೆ ಕೊಡಬೇಕಾದರೆ ಫಾಸ್ಫೇಟ್ ಜೊತೆಗಿರಬೇಕು ಎಂಬುದನ್ನು 1989ರಲ್ಲಿ ಬಾವಿಸ್ಟರ್ ಜೊತೆ ಪ್ರಕಟಿಸಿದವರು ಪಿ. ಬಿ. ಶೇಷಗಿರಿ. ಮುಂದೆ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹ್ಯಾಮ್‌ಸ್ಟರ್ ಭ್ರೂಣ ತನ್ನ ಹೊರಪೊರೆಯಿಂದ ಹೊರಬರುವ ಬಗೆಯನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದರು. ಕರ್ನಾಟಕದ ಮಟ್ಟಿಗೆ ಇದು ಗಟ್ಟಿ ಕೊಡುಗೆ. ಆದರೆ ಗ್ಲುಕೋಸ್ ಎಂದರೆ ವಿಷ ಎಂಬ ತೀರ್ಮಾನ ನಿಲ್ಲಲಿಲ್ಲ. ದ್ರಾವಣದ ಉಳಿದ ಅಂಶಗಳು ಸರಿಯಾಗಿ ಹೊಂದಿದ್ದರೆ ಇಲಿಯ ಭ್ರೂಣಕ್ಕೆ ಅದರಿಂದ ಹಾನಿಯಿಲ್ಲವೆಂದು ಬಿಗರ್ಸ್ 2001ರಲ್ಲಿ ತೋರಿಸಿದರು. ಒಂದು ಪ್ರಾಣಿಯ ಫಲಿತಾಂಶವನ್ನು ಇನ್ನೊಂದಕ್ಕೆ, ಕೊನೆಗೆ ಮನುಷ್ಯನಿಗೆ, ಹಾಗೆಯೇ ಹೊಂದಿಸಿದ್ದರಿಂದ ಆದ ಗೊಂದಲವಿದು. ಹಂತಕ್ಕೊಂದು ದ್ರಾವಣ ಬದಲಿಸಬೇಕೋ, ಒಂದೇ ಸಾಕೋ ಎಂಬ ಚರ್ಚೆ ಇಂದಿಗೂ ತೀರಿಲ್ಲ.

ಆಮ್ಲಜನಕದ ವಿಚಾರ ಹೆಚ್ಚು ಸ್ಪಷ್ಟ. ಗಾಳಿಯಲ್ಲಿರುವ ಶೇ. 21ರ ಬದಲು ಶೇ. 5ರಷ್ಟಿದ್ದರೆ ಭ್ರೂಣಕ್ಕೆ ಒಳಿತೆಂದು ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ 2012ರ ಕಾಕ್ರೇನ್ ಪರಿಶೀಲನೆ ಕಂಡುಕೊಂಡಿತು.

ಊರಿನ ಎತ್ತರದ ಮಾತು ಇತಿಹಾಸಗಳಲ್ಲಿ ಬದಿಗೆ ಬೀಳುತ್ತದೆ. ಹುಬ್ಬಳ್ಳಿ-ಧಾರವಾಡದ ಐವಿಎಫ್ ಲ್ಯಾಬ್‌ಗಳಿಗೆ ಅದೇ ಮುಖ್ಯ. ದ್ರಾವಣದ ಪಿಎಚ್ 7.2ರಿಂದ 7.4ರ ನಡುವೆ ಇರಬೇಕಾದರೆ ಇನ್‌ಕ್ಯುಬೇಟರಿನ ಇಂಗಾಲದ ಡೈಆಕ್ಸೈಡಿನ ಒತ್ತಡ ಸರಿಯಿರಬೇಕು. ಶೇಕಡಾವಾರು ಅಂಕಿಯೊಂದೇ ಸಾಲದು. ಅವಳಿ ನಗರ ಸಮುದ್ರಮಟ್ಟದಿಂದ ಸುಮಾರು 650ರಿಂದ 750 ಮೀಟರ್ ಮೇಲಿದ್ದು, ಇಲ್ಲಿನ ಗಾಳಿಯ ಒತ್ತಡ ಸುಮಾರು ಶೇ. 8 ಕಡಿಮೆ. ಕಡಲತೀರದ ಮಂಗಳೂರಿನಲ್ಲಿ ಶೇ. 6ರಷ್ಟು ಇಂಗಾಲದ ಡೈಆಕ್ಸೈಡ್ ಸಾಕಾದರೆ ಇಲ್ಲಿ ಸುಮಾರು ಶೇ. 6.5 ಬೇಕು. ಈ ತಿದ್ದುಪಡಿ ಮಾಡದಿದ್ದರೆ ಪಿಎಚ್ 0.03ರಿಂದ 0.04ರಷ್ಟು ಏರುತ್ತದೆ. ಆದ್ದರಿಂದ ಪ್ರತಿ ಲ್ಯಾಬ್ ಯಂತ್ರದ ಪರದೆಯ ಅಂಕಿಯನ್ನೇ ನೆಚ್ಚದೆ ತನ್ನ ದ್ರಾವಣದ ಪಿಎಚ್ ಅನ್ನು ತಾನೇ ಅಳೆದು ಅನಿಲದ ಪ್ರಮಾಣ ನಿಗದಿ ಮಾಡಿಕೊಳ್ಳಬೇಕಾಗುತ್ತದೆ.